ನಿರ್ಬಂಧಿತ ಫ್ರೀ ಏಜೆನ್ಸಿ (ಅಮೆರಿಕನ್ ಫುಟ್‌ಬಾಲ್)

ನಿರ್ಬಂಧಿತ ಫ್ರೀ ಏಜೆನ್ಸಿ ಎಂಬುದು ಅಮೆರಿಕದ ವೃತ್ತಿಪರ ಫುಟ್‌ಬಾಲ್ ಸಂಸ್ಥೆಯಾದ ನ್ಯಾಷನಲ್ ಫುಟ್‌ಬಾಲ್ ಲೀಗ್‌ನಲ್ಲಿ (ಎನ್‌ಎಫ್‌ಎಲ್) ಆಟಗಾರರ ತಂಡ ಬದಲಾವಣೆಗೆ ಸಂಬಂಧಿಸಿದ ಒಂದು ವ್ಯವಸ್ಥೆ. ಮೂರು ಋತು ಆಡಿ ಒಪ್ಪಂದ ಮುಗಿಸಿದ ಆಟಗಾರ ಬೇರೆ ತಂಡದ ಜೊತೆ ಮಾತುಕತೆ ನಡೆಸಬಹುದು. ಆದರೆ ಆ ತಂಡ ಕೊಡಲು ಒಪ್ಪಿದ ಷರತ್ತುಗಳನ್ನು ಸರಿಗಟ್ಟಿ ಅವನನ್ನು ಉಳಿಸಿಕೊಳ್ಳುವ ಹಕ್ಕು ಹಳೆಯ ತಂಡಕ್ಕಿದೆ. ಬಿಟ್ಟುಕೊಟ್ಟರೆ ಹಲವು ಸಂದರ್ಭಗಳಲ್ಲಿ ಡ್ರಾಫ್ಟ್ ಆಯ್ಕೆಯೊಂದು ಪರಿಹಾರವಾಗಿ ಸಿಗುತ್ತದೆ. ಈಗಿನ ರೂಪದ ವ್ಯವಸ್ಥೆ 1993ರದು. ಹೊರಟು ನಿಂತ ಆಟಗಾರನಿಗೆ ಬೆಲೆ ಕಟ್ಟುವ ಅಧಿಕಾರ ಯಾರದು ಎಂಬ ವಿವಾದ ಅದಕ್ಕಿಂತ ಮೂರು ದಶಕ ಹಳೆಯದು.

ಹಿನ್ನೆಲೆ

ಡ್ರಾಫ್ಟ್ ಎಂದರೆ ಕಾಲೇಜು ಮುಗಿಸಿದ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ವಾರ್ಷಿಕ ಪ್ರಕ್ರಿಯೆ. ಫಿಲಡೆಲ್ಫಿಯಾ ಈಗಲ್ಸ್ ತಂಡದ ಬರ್ಟ್ ಬೆಲ್ ಅವರ ಸಲಹೆಯಂತೆ 1936ರಲ್ಲಿ ಇದು ಆರಂಭವಾಯಿತು. ಹಿಂದಿನ ವರ್ಷ ಸೋತು ತಳದಲ್ಲಿ ನಿಂತ ತಂಡಕ್ಕೆ ಮೊದಲ ಸರದಿ. ಈ ಸರದಿಯನ್ನು ತಂಡಗಳು ಪರಸ್ಪರ ವಿನಿಮಯ ಮಾಡಿಕೊಳ್ಳುತ್ತವೆ. ಹೀಗಾಗಿ ‘ಮೊದಲ ಸುತ್ತಿನ ಆಯ್ಕೆ’ ಎಂಬುದು ಲೀಗ್‌ನೊಳಗೆ ನಾಣ್ಯದಂತೆ ಚಲಾವಣೆಯಲ್ಲಿದೆ.

ಆರಿಸಿಕೊಂಡ ತಂಡವನ್ನು ಬಿಟ್ಟುಹೋಗುವುದು ಆಗ ಸುಲಭವಿರಲಿಲ್ಲ. ಒಪ್ಪಂದ ಮುಗಿದ ಮೇಲೂ ಇನ್ನೊಂದು ವರ್ಷ ಆಟಗಾರನನ್ನು ಇಟ್ಟುಕೊಳ್ಳುವ ಆಯ್ಕೆ ತಂಡದ ಕೈಯಲ್ಲಿತ್ತು. ಆ ವರ್ಷವನ್ನೂ ಆಡಿ ಮುಗಿಸಿದ ಆರ್.ಸಿ. ಓವೆನ್ಸ್, ಸ್ಯಾನ್‌ಫ್ರಾನ್ಸಿಸ್ಕೊ 49ಅರ್ಸ್ ತಂಡ ತೊರೆದು 1962ರಲ್ಲಿ ಬಾಲ್ಟಿಮೋರ್ ಕೋಲ್ಟ್ಸ್ ಸೇರಿದ್ದು ತಂಡಗಳ ಮಾಲೀಕರನ್ನು ಎಚ್ಚರಿಸಿತು.

ರೊಜೆಲ್ ನಿಯಮ (1963–1976)

ಮರುವರ್ಷವೇ ಲೀಗ್ ಹೊಸ ನಿಯಮ ತಂದಿತು. ಹೀಗೆ ಆಟಗಾರನನ್ನು ಪಡೆದ ತಂಡ ಹಳೆಯ ತಂಡದೊಂದಿಗೆ ಪರಿಹಾರದ ಬಗ್ಗೆ ಒಪ್ಪಂದಕ್ಕೆ ಬರದಿದ್ದರೆ, ಲೀಗ್‌ನ ಕಮಿಷನರ್ ಪೀಟ್ ರೊಜೆಲ್ ತಮಗೆ ಸರಿ ಕಂಡಷ್ಟು ಆಟಗಾರರನ್ನೋ ಡ್ರಾಫ್ಟ್ ಆಯ್ಕೆಗಳನ್ನೋ ಕೊಡಿಸಬಹುದಿತ್ತು. ಡೇವ್ ಪಾರ್ಕ್ಸ್ 49ಅರ್ಸ್ ಬಿಟ್ಟು ನ್ಯೂ ಆರ್ಲಿಯನ್ಸ್ ಸೇಂಟ್ಸ್ ಸೇರಿದಾಗ ರೊಜೆಲ್ ಅವರು ಕೆವಿನ್ ಹಾರ್ಡಿ ಎಂಬ ಆಟಗಾರನನ್ನೂ ಒಂದು ಮೊದಲ ಸುತ್ತಿನ ಆಯ್ಕೆಯನ್ನೂ 49ಅರ್ಸ್‌ಗೆ ಕೊಡಿಸಿದರು. ರೊಜೆಲ್ ನೇರವಾಗಿ ಪರಿಹಾರ ವಿಧಿಸಿದ ಪ್ರಕರಣಗಳು ಬೆರಳೆಣಿಕೆಯಷ್ಟು. ಎಷ್ಟು ತೆರಬೇಕಾದೀತೆಂದು ಮೊದಲೇ ತಿಳಿಯದ ಕಾರಣ ತಂಡಗಳು ಇಂಥ ಆಟಗಾರರ ತಂಟೆಗೇ ಹೋಗುತ್ತಿರಲಿಲ್ಲ.

ಆಟಗಾರರ ಸಂಘದ ಅಧ್ಯಕ್ಷರಾಗಿದ್ದ ಕೋಲ್ಟ್ಸ್‌ನ ಜಾನ್ ಮ್ಯಾಕಿ ಮತ್ತಿತರರು ಇದನ್ನು ಏಕಸ್ವಾಮ್ಯ ವಿರೋಧಿ ಕಾನೂನಾದ ಶೆರ್ಮನ್ ಕಾಯಿದೆಯಡಿ ಪ್ರಶ್ನಿಸಿದರು. ಮಿನಿಯಾಪೊಲಿಸ್‌ನ ನ್ಯಾಯಾಧೀಶ ಅರ್ಲ್ ಲಾರ್ಸನ್ 1975ರಲ್ಲಿ ಆಟಗಾರರ ಪರ ತೀರ್ಪಿತ್ತರು. ನಿಯಮ ಕಾನೂನುಬಾಹಿರ ಎಂಬ ನಿರ್ಣಯವನ್ನು 1976ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಎತ್ತಿಹಿಡಿಯಿತು.

ಪರಿಹಾರದ ಪಟ್ಟಿ ಮತ್ತು ‘ಪ್ಲಾನ್ ಬಿ’ (1977–1992)

ಲೀಗ್ ಮತ್ತು ಆಟಗಾರರ ಸಂಘದ ನಡುವಿನ 1977ರ ಸಾಮೂಹಿಕ ಒಪ್ಪಂದದಲ್ಲಿ ಬೆಲೆ ಕಟ್ಟುವ ಕೆಲಸ ಕಮಿಷನರ್ ಕೈಯಿಂದ ಲಿಖಿತ ಪಟ್ಟಿಗೆ ಬಂತು. ಹೊಸ ಸಂಬಳ ಏರಿದಂತೆ ಪರಿಹಾರವೂ ಏರುತ್ತಿತ್ತು. ಗರಿಷ್ಠವೆಂದರೆ ಎರಡು ಮೊದಲ ಸುತ್ತಿನ ಆಯ್ಕೆಗಳು. ಹಳೆಯ ತಂಡದ ಸರಿಗಟ್ಟುವ ಹಕ್ಕೂ ಇದೇ ಒಪ್ಪಂದದ ಭಾಗವಾಯಿತು. ಬೆಲೆ ಮೊದಲೇ ಗೊತ್ತಾಗುವಂತಾಯಿತು, ಕಡಿಮೆಯೇನೂ ಆಗಲಿಲ್ಲ. ಒಳ್ಳೆಯ ಆಟಗಾರನಿಗೆ ಒಳ್ಳೆಯ ಸಂಬಳ ಕೊಡಲು ಮುಂದಾದರೆ ಪರಿಹಾರದ ಭಾರವೂ ಹೆಚ್ಚುತ್ತಿದ್ದುದರಿಂದ ವಲಸೆ ಹೆಚ್ಚುಕಡಿಮೆ ನಿಂತೇ ಹೋಯಿತು. 1988ರಲ್ಲಿ ಶಿಕಾಗೊ ಬೇರ್ಸ್‌ನ ಲೈನ್‌ಬ್ಯಾಕರ್ ವಿಲ್ಬರ್ ಮಾರ್ಷಲ್‌ಗೆ ವಾಷಿಂಗ್ಟನ್ ತಂಡ ಐದು ವರ್ಷಕ್ಕೆ 60 ಲಕ್ಷ ಡಾಲರ್ ಕೊಡಲು ಮುಂದಾಯಿತು. ಬೇರ್ಸ್ ಸರಿಗಟ್ಟಲಿಲ್ಲ, 1988 ಮತ್ತು 1989ರ ಮೊದಲ ಸುತ್ತಿನ ಆಯ್ಕೆಗಳು ಅದರ ಪಾಲಾದವು. ಪರಿಹಾರ ತೆತ್ತು ಆಟಗಾರನನ್ನು ಪಡೆದ ಇಂಥ ಘಟನೆ ಹತ್ತು ವರ್ಷಗಳಿಗೂ ಹೆಚ್ಚು ಕಾಲ ನಡೆದಿರಲಿಲ್ಲ.

1989ರಲ್ಲಿ ಲೀಗ್ ಏಕಪಕ್ಷೀಯವಾಗಿ ‘ಪ್ಲಾನ್ ಬಿ’ ಜಾರಿಗೆ ತಂದಿತು. ಪ್ರತಿ ತಂಡ 37 ಆಟಗಾರರನ್ನು ತನಗೆ ಕಾಯ್ದಿರಿಸಿಕೊಳ್ಳಬಹುದಿತ್ತು, ಉಳಿದವರು ನಿಗದಿತ ಅವಧಿಯಲ್ಲಿ ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು. ಬೇಡಿಕೆಯಿದ್ದವರು ಕಟ್ಟಿನೊಳಗೇ ಉಳಿದರು, ಬೇಡಿಕೆಯಿಲ್ಲದವರಿಗೆ ಸ್ವಾತಂತ್ರ್ಯ ಸಿಕ್ಕಿತು. ನ್ಯೂಯಾರ್ಕ್ ಜೆಟ್ಸ್‌ನ ಫ್ರೀಮನ್ ಮೆಕ್‌ನೀಲ್ ಮತ್ತು ಇತರರು ಹೂಡಿದ ದಾವೆಯಲ್ಲಿ 1992ರ ಸೆಪ್ಟೆಂಬರ್‌ನಲ್ಲಿ ಜ್ಯೂರಿ ಈ ಯೋಜನೆ ಕಾನೂನುಬಾಹಿರ ಎಂದಿತು. ರೆಜ್ಜಿ ವೈಟ್ ಹೆಸರಿನಲ್ಲಿ ದಾಖಲಾದ ಮತ್ತೊಂದು ದಾವೆ ರಾಜಿಯಲ್ಲಿ ಮುಗಿದು, ಅದರಿಂದ 1993ರ ಹೊಸ ಒಪ್ಪಂದ ಹುಟ್ಟಿತು.

1993ರ ವ್ಯವಸ್ಥೆ

ಹೊಸ ಒಪ್ಪಂದ ಆಟಗಾರರನ್ನು ಅನುಭವದ ಮೇಲೆ ವಿಂಗಡಿಸಿತು. ತಂಡವೊಂದು ಕೊಡಬಹುದಾದ ಒಟ್ಟು ಸಂಬಳಕ್ಕೆ ಮಿತಿ ಜಾರಿಗೆ ಬಂದ 1994ರಿಂದ, ನಾಲ್ಕು ಋತು ಪೂರೈಸಿ ಒಪ್ಪಂದ ಮುಗಿದವನು ಸಂಪೂರ್ಣ ಮುಕ್ತ. ಮೂರು ಋತು ಮುಗಿಸಿದವನು ನಿರ್ಬಂಧಿತ. ಅದಕ್ಕಿಂತ ಕಡಿಮೆಯಿದ್ದು, ಹಳೆಯ ತಂಡ ಕನಿಷ್ಠ ಸಂಬಳದ ಒಪ್ಪಂದ ಮುಂದಿಟ್ಟರೆ ಅವನು ಬೇರೆಡೆ ಮಾತುಕತೆಗೇ ಹೋಗುವಂತಿಲ್ಲ. ಕನಿಷ್ಠ ಆರು ಪಂದ್ಯಗಳ ಕಾಲ ಪೂರ್ಣ ಸಂಬಳದ ಪಟ್ಟಿಯಲ್ಲಿದ್ದರೆ ಒಂದು ಋತು ಲೆಕ್ಕಕ್ಕೆ ಸೇರುತ್ತದೆ.

ನಿರ್ಬಂಧಿತ ಆಟಗಾರನ ಮೇಲೆ ಹಕ್ಕು ಉಳಿಸಿಕೊಳ್ಳಲು ಹಳೆಯ ತಂಡ ಮಾರ್ಚ್‌ನಲ್ಲಿ ಹೊಸ ಲೀಗ್ ವರ್ಷ ಶುರುವಾಗುವ ಮೊದಲು ಒಂದು ವರ್ಷದ ‘ಟೆಂಡರ್’ ನೀಡಬೇಕು. ನೀಡದಿದ್ದರೆ ಅವನು ಮುಕ್ತ. ಟೆಂಡರ್‌ಗೆ ಹಲವು ದರ್ಜೆಗಳಿವೆ. ಮೊದಲ ಸುತ್ತಿನ ದರ್ಜೆಯಲ್ಲಿ ಕೊಟ್ಟರೆ ಹೊಸ ತಂಡ ಮೊದಲ ಸುತ್ತಿನ ಆಯ್ಕೆಯನ್ನು ತೆರಬೇಕು, ಎರಡನೆಯದರಲ್ಲಿ ಎರಡನೆಯ ಸುತ್ತಿನದನ್ನು. ‘ಮೂಲ ಸುತ್ತಿನ’ ದರ್ಜೆಯಲ್ಲಿ ಆಟಗಾರ ಡ್ರಾಫ್ಟ್‌ನ ಯಾವ ಸುತ್ತಿನಲ್ಲಿ ಬಂದಿದ್ದನೋ ಆ ಸುತ್ತಿನ ಆಯ್ಕೆ. ಕೊನೆಯ ದರ್ಜೆಯಲ್ಲಿ ಪರಿಹಾರವಿಲ್ಲ, ಸರಿಗಟ್ಟುವ ಹಕ್ಕು ಮಾತ್ರ. ದರ್ಜೆ ಮೇಲೇರಿದಂತೆ ಟೆಂಡರ್‌ನ ಸಂಬಳವೂ ಏರುತ್ತದೆ: 2024ರಲ್ಲಿ ಮೊದಲ ಸುತ್ತಿನದು 68.22 ಲಕ್ಷ, ಎರಡನೆಯದು 48.90 ಲಕ್ಷ, ಕೊನೆಯದು 29.85 ಲಕ್ಷ ಡಾಲರ್. ಹೀಗೆ ಬೆಲೆ ಕಟ್ಟುವ ಅಧಿಕಾರ ಈಗ ಹಳೆಯ ತಂಡದ್ದೇ. ಆದರೆ ಹೆಚ್ಚು ಪರಿಹಾರ ಕೇಳಬೇಕಾದರೆ ಹೆಚ್ಚು ಸಂಬಳ ಕೊಡಲೇಬೇಕು.

ಬೇರೆ ತಂಡದ ಲಿಖಿತ ಕೊಡುಗೆಗೆ ‘ಆಫರ್ ಶೀಟ್’ ಎನ್ನುತ್ತಾರೆ. ಆಟಗಾರ ಅದಕ್ಕೆ ಸಹಿ ಹಾಕಿದ ಮೇಲೆ ಸರಿಗಟ್ಟಲು ಹಳೆಯ ತಂಡಕ್ಕೆ ಮೊದಲು ಏಳು ದಿನಗಳಿದ್ದವು, 2011ರಿಂದ ಐದು ದಿನ. ಸಹಿಯ ಗಡುವು ಏಪ್ರಿಲ್‌ನಲ್ಲಿ, ಡ್ರಾಫ್ಟ್‌ಗೆ ಮುಂಚೆ ಮುಗಿಯುತ್ತದೆ. ಪೂರ್ಣ ಮುಕ್ತ ಆಟಗಾರರನ್ನು ಕಳೆದುಕೊಂಡ ತಂಡಗಳಿಗೆ ಲೀಗ್ ತಾನೇ ಹೆಚ್ಚುವರಿಯಾಗಿ ಹಂಚುವ ಪರಿಹಾರ ಆಯ್ಕೆಗಳು ಬೇರೆ. ಅವು ಮೂರರಿಂದ ಏಳನೆಯ ಸುತ್ತಿನವರೆಗೆ ಬರುತ್ತವೆ, ಅವನ್ನು ಯಾವ ತಂಡವೂ ತನ್ನ ಕೈಯಿಂದ ತೆರುವುದಿಲ್ಲ.

ಪ್ರಮುಖ ಪ್ರಕರಣಗಳು

1998ರಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ನ ಕರ್ಟಿಸ್ ಮಾರ್ಟಿನ್‌ರನ್ನು ನ್ಯೂಯಾರ್ಕ್ ಜೆಟ್ಸ್ ಆರು ವರ್ಷಕ್ಕೆ 3.6 ಕೋಟಿ ಡಾಲರ್ ಕೊಟ್ಟು ಸೆಳೆಯಿತು. ಆಗ ಚಾಲ್ತಿಯಲ್ಲಿದ್ದ ಅತ್ಯುಚ್ಚ ದರ್ಜೆಯಂತೆ ಮೊದಲ ಮತ್ತು ಮೂರನೆಯ ಸುತ್ತಿನ ಆಯ್ಕೆಗಳನ್ನು ತೆತ್ತಿತು. 2003ರಲ್ಲಿ ಜೆಟ್ಸ್ ತಾನೇ ಲ್ಯಾವರಾನ್ಯೂಸ್ ಕೋಲ್ಸ್‌ರನ್ನು ವಾಷಿಂಗ್ಟನ್‌ಗೆ ಬಿಟ್ಟು ಮೊದಲ ಸುತ್ತಿನ ಆಯ್ಕೆ ಪಡೆಯಿತು.

2006ರ ವಸಂತದಲ್ಲಿ ‘ಪಾಯ್ಸನ್ ಪಿಲ್’ ಎಂಬ ಷರತ್ತು ಸುದ್ದಿಯಾಯಿತು. ಸರಿಗಟ್ಟಿದರೆ ಹಳೆಯ ತಂಡಕ್ಕೆ ಮಾತ್ರ ಭಾರವಾಗುವಂತೆ ಬರೆದ ಕಲಮು ಇದು. ಸಿಯಾಟಲ್ ಸೀಹಾಕ್ಸ್‌ನ ಸ್ಟೀವ್ ಹಚಿನ್ಸನ್ ಮೇಲೆ ಪರಿಹಾರವಿಲ್ಲದ, ಸರಿಗಟ್ಟುವ ಹಕ್ಕನ್ನಷ್ಟೇ ಕೊಡುವ ‘ಟ್ರಾನ್ಸಿಷನ್ ಟ್ಯಾಗ್’ ಇತ್ತು. ಅವರು ತಂಡದ ಲೈನ್‌ಮನ್‌ಗಳಲ್ಲೇ ಹೆಚ್ಚು ಸಂಬಳದವರಾಗಿರದಿದ್ದರೆ ಏಳು ವರ್ಷದ 4.9 ಕೋಟಿ ಡಾಲರ್ ಪೂರ್ತಿ ಖಾತರಿಯಾಗುವಂತೆ ಮಿನ್ನೆಸೋಟ ವೈಕಿಂಗ್ಸ್ ಒಪ್ಪಂದ ಬರೆಯಿತು. ಅವರಿಗಿಂತ ಹೆಚ್ಚು ಪಡೆಯುವ ವಾಲ್ಟರ್ ಜೋನ್ಸ್ ಸಿಯಾಟಲ್‌ನಲ್ಲಿದ್ದರು. ಹಚಿನ್ಸನ್‌ರನ್ನು ಕಳೆದುಕೊಂಡ ಸೀಹಾಕ್ಸ್ ಸೇಡು ತೀರಿಸಿಕೊಂಡಿತು. ವೈಕಿಂಗ್ಸ್‌ನ ನಿರ್ಬಂಧಿತ ಆಟಗಾರ ನೇಟ್ ಬರ್ಲ್ಸನ್‌ಗೆ ಅಷ್ಟೇ ವರ್ಷಕ್ಕೆ ಅಷ್ಟೇ ಮೊತ್ತ ಬರೆದು, ಒಂದು ಋತುವಿನಲ್ಲಿ ಮಿನ್ನೆಸೋಟ ರಾಜ್ಯದೊಳಗೆ ಐದು ಪಂದ್ಯ ಆಡಿದರೆ ಹಣವೆಲ್ಲ ಖಾತರಿ ಎಂದಿತು. ವೈಕಿಂಗ್ಸ್‌ಗೆ ಮೂರನೆಯ ಸುತ್ತಿನ ಆಯ್ಕೆ ಮಾತ್ರ ದಕ್ಕಿತು. 2011ರ ಒಪ್ಪಂದ ಇಂಥ ಷರತ್ತುಗಳನ್ನು ನಿಷೇಧಿಸಿತು.

ಕೆಲವು ತಂಡಗಳು ಆಫರ್ ಶೀಟ್‌ನ ಹಗ್ಗಜಗ್ಗಾಟದ ಬದಲು ನೇರ ವಿನಿಮಯ ಮಾಡಿಕೊಂಡವು. 2007ರಲ್ಲಿ ಎರಡನೆಯ ಸುತ್ತಿನ ಟೆಂಡರ್ ಇದ್ದ ವೆಸ್ ವೆಲ್ಕರ್‌ಗಾಗಿ ಪೇಟ್ರಿಯಟ್ಸ್, ಮಯಾಮಿ ಡಾಲ್ಫಿನ್ಸ್‌ಗೆ ಎರಡನೆಯ ಮತ್ತು ಏಳನೆಯ ಸುತ್ತಿನ ಆಯ್ಕೆಗಳನ್ನು ಕೊಟ್ಟಿತು.

2010ರ ನಂತರ

ಸಂಬಳ ಮಿತಿಯಿಲ್ಲದ 2010ರಲ್ಲಿ ಪೂರ್ಣ ಸ್ವಾತಂತ್ರ್ಯಕ್ಕೆ ಆರು ಋತು ಬೇಕಾಗಿದ್ದರಿಂದ ಇನ್ನೂರಕ್ಕೂ ಹೆಚ್ಚು ಆಟಗಾರರು ಒಮ್ಮೆಗೇ ನಿರ್ಬಂಧಿತರಾಗಿ ಉಳಿದರು. 2011ರಲ್ಲಿ ನಾಲ್ಕು ಋತುಗಳ ಮಿತಿ ಮರಳಿತು. ಡ್ರಾಫ್ಟ್ ಆದ ಹೊಸಬರ ಮೊದಲ ಒಪ್ಪಂದವೂ ನಾಲ್ಕು ವರ್ಷದ್ದಾಯಿತು. ಆ ಒಪ್ಪಂದ ಪೂರೈಸಿದವರು ನೇರ ಮುಕ್ತರಾಗುತ್ತಾರೆ. ಹೀಗಾಗಿ ನಿರ್ಬಂಧಿತರಲ್ಲಿ ಹೆಚ್ಚಿನವರು ಈಗ ಡ್ರಾಫ್ಟ್‌ನಲ್ಲಿ ಯಾರೂ ಆರಿಸದೆ, ಮೂರು ವರ್ಷದ ಒಪ್ಪಂದದಿಂದ ಒಳಬಂದವರು. ಅಂಥವರಿಗೆ ‘ಮೂಲ ಸುತ್ತು’ ಎಂಬುದೇ ಇಲ್ಲ. ಮೇಲಿನ ದರ್ಜೆಯ ಸಂಬಳ ಕೊಡಲು ಒಪ್ಪದ ತಂಡ ಅವರನ್ನು ಪರಿಹಾರವಿಲ್ಲದೆ ಕಳೆದುಕೊಳ್ಳಬಹುದು.

2016ರಲ್ಲಿ ಇದರ ಎರಡು ಮುಖಗಳೂ ಕಂಡವು. ಡೆನ್ವರ್ ಬ್ರಾಂಕೋಸ್ ತಂಡ ಸಿ.ಜೆ. ಆಂಡರ್ಸನ್‌ಗೆ ಕೊನೆಯ ದರ್ಜೆಯ ಟೆಂಡರ್ ನೀಡಿತ್ತು. ಮಯಾಮಿ ನಾಲ್ಕು ವರ್ಷಕ್ಕೆ 1.8 ಕೋಟಿ ಡಾಲರ್ ಬರೆದಾಗ ಅದನ್ನೇ ಸರಿಗಟ್ಟಬೇಕಾಯಿತು. ಬಫಲೊ ಬಿಲ್ಸ್‌ನ ಕ್ರಿಸ್ ಹೋಗನ್‌ಗೆ ಪೇಟ್ರಿಯಟ್ಸ್ ಮೂರು ವರ್ಷಕ್ಕೆ 1.2 ಕೋಟಿ ಡಾಲರ್ ಕೊಟ್ಟಾಗ ಬಿಲ್ಸ್ ಸರಿಗಟ್ಟದೆ ಬರಿಗೈಯಲ್ಲಿ ಉಳಿಯಿತು. ಮರುವರ್ಷ ಪೇಟ್ರಿಯಟ್ಸ್ ತನ್ನ ಮಾಲ್ಕಮ್ ಬಟ್ಲರ್‌ಗೆ ಮೊದಲ ಸುತ್ತಿನ ಟೆಂಡರ್ ನೀಡಿತು. ಅವರನ್ನು ಕರೆಸಿ ಮಾತನಾಡಿದ ಸೇಂಟ್ಸ್ ಆ ಬೆಲೆ ತೆರಲಿಲ್ಲ. ಡ್ರಾಫ್ಟ್‌ನ ಏಳೂ ಸುತ್ತುಗಳಲ್ಲಿ ಯಾರೂ ಹೆಸರು ಕರೆಯದಿದ್ದ ಆಟಗಾರನಿಗೆ ಮೂರು ವರ್ಷದ ಬಳಿಕ ಮೊದಲ ಸುತ್ತಿನ ಬೆಲೆ ಬಂದಿತ್ತು, ಆ ಬೆಲೆಯೇ ಅವರನ್ನು ಹಳೆಯ ತಂಡದಲ್ಲಿ ಉಳಿಸಿತು.