ಸಮಾವೇಶದ ಹೆಸರಲ್ಲಿ ಉಚಿತ ಬಹುಮಾನ: ಅಸಲಿಯೋ, ಕೂಟಶಾಸನವೋ?

ಯಾವುದೋ ದೊಡ್ಡ ಕಂಪನಿಯ ಸಮಾವೇಶ ನಡೆಯುತ್ತಿರುತ್ತದೆ. ಅದೇ ದಿನ ಫೋನಿಗೆ ಒಂದು ಪೋಸ್ಟ್ ಬರುತ್ತದೆ. ಸಮಾವೇಶದ ಪ್ರಯುಕ್ತ ಉಚಿತ ಬಹುಮಾನ, ಈ ಕೋಡ್ ಸ್ಕ್ಯಾನ್ ಮಾಡಿ ಎಂದಿರುತ್ತದೆ. ಕಂಪನಿಯ ಹೆಸರಿದೆ, ಲೋಗೊ ಇದೆ, ನೀಲಿ ಟಿಕ್ ಇದೆ. ಮುಖ್ಯಸ್ಥರೇ ಮಾತನಾಡುವ ವಿಡಿಯೊ ಕೂಡ ಇದೆ. ಇದು ಅಧಿಕೃತ ಎಂದು ನಂಬುವುದು ಹೇಗೆ? ಉತ್ತರಕ್ಕಾಗಿ ನಾವು ಸ್ವಲ್ಪ ಹಿಂದಕ್ಕೆ ಹೋಗೋಣ.

ತಾಮ್ರಪಟಕ್ಕೂ ನಕಲಿ ಇತ್ತು

ನಮ್ಮ ನಾಡಿನ ರಾಜರು ಭೂಮಿ ದಾನ ಕೊಟ್ಟಾಗ ತಾಮ್ರಪಟದಲ್ಲಿ ಬರೆಸಿ, ಬಳೆಗೆ ಪೋಣಿಸಿ, ರಾಜಮುದ್ರೆ ಹಾಕಿಸುತ್ತಿದ್ದರು. ಬಾದಾಮಿ ಚಾಲುಕ್ಯರದು ವರಾಹ, ಗಂಗರದು ಆನೆ. ಆದರೆ ಭೂಮಿಯ ಹಕ್ಕು ಸಾಧಿಸಲು, ಹಿಂದಿನ ರಾಜರ ಹೆಸರು ಹಾಕಿ ಎಷ್ಟೋ ಕಾಲದ ನಂತರ ಬರೆಸಿದ ಪಟಗಳೂ ಇವೆ. ಶಾಸನ ತಜ್ಞರು ಅವನ್ನು ಕೂಟಶಾಸನ ಎನ್ನುತ್ತಾರೆ. ಗಂಗರ ಹೆಸರಿನ ಹಲವು ಪಟಗಳು ನಕಲಿ ಎಂದು ಜೆ.ಎಫ್. ಫ್ಲೀಟ್ ವಾದಿಸಿದ್ದರು.

ತಜ್ಞರು ಬರೀ ಮುದ್ರೆ ನೋಡಿ ತೀರ್ಮಾನಿಸಲಿಲ್ಲ. ಲಿಪಿ ಆ ಕಾಲದ್ದೇ, ತಿಥಿ ವಾರ ಹೊಂದುತ್ತವೆಯೇ, ಅದೇ ರಾಜನ ಬೇರೆ ಶಾಸನ ಏನು ಹೇಳುತ್ತದೆ ಎಂದು ತಾಳೆ ನೋಡಿದರು. ಈ ಮೂರು ಪ್ರಶ್ನೆಗಳು ಇವತ್ತಿನ ಫೋನಿಗೂ ಬೇಕು.

ನೀಲಿ ಟಿಕ್ ಹುಟ್ಟಿದ್ದು, ಕೆಟ್ಟದ್ದು

2009ರಲ್ಲಿ ಅಮೆರಿಕದ ಬೇಸ್‌ಬಾಲ್ ತಂಡದ ಮ್ಯಾನೇಜರ್ ಟೋನಿ ಲಾ ರೂಸಾ, ತಮ್ಮ ಹೆಸರಲ್ಲಿ ಯಾರೋ ನಕಲಿ ಖಾತೆ ತೆರೆದಿದ್ದಾರೆಂದು ಟ್ವಿಟರ್ ಮೇಲೆ ದಾವೆ ಹೂಡಿದರು. ಅದರ ಬೆನ್ನಿಗೇ ಜೂನ್‌ನಲ್ಲಿ ಟ್ವಿಟರ್, ಪರಿಶೀಲಿಸಿದ ಖಾತೆಗೆ ಗುರುತು ಕೊಡುವ ವ್ಯವಸ್ಥೆ ಪ್ರಕಟಿಸಿತು. ಹೊಸ ಕಾಲದ ರಾಜಮುದ್ರೆ ಅದು.

2020ರ ಜುಲೈ 15ರಂದು ಆ ಮುದ್ರೆಯ ಮೇಲಿನ ನಂಬಿಕೆ ಅಲುಗಾಡಿತು. ಬರಾಕ್ ಒಬಾಮ, ಜೋ ಬೈಡನ್, ಬಿಲ್ ಗೇಟ್ಸ್, ಆಪಲ್ ಮುಂತಾದವರ ನಿಜವಾದ ಖಾತೆಗಳಿಂದಲೇ ಬಿಟ್‌ಕಾಯಿನ್ ಕಳಿಸಿದರೆ ದುಪ್ಪಟ್ಟು ಕೊಡುತ್ತೇವೆ ಎಂಬ ಸಂದೇಶ ಹೊರಟಿತು. ಕಳ್ಳರು ಕಂಪನಿಯ ಕಂಪ್ಯೂಟರ್ ವಿಭಾಗದವರಂತೆ ಸಿಬ್ಬಂದಿಗೆ ಫೋನ್ ಮಾಡಿ ಒಳಗಿನ ಕೀಲಿ ಪಡೆದಿದ್ದರು. 130 ಖಾತೆಗಳಿಗೆ ಕೈ ಹಾಕಿ, ಕೆಲವೇ ಗಂಟೆಗಳಲ್ಲಿ 1 ಲಕ್ಷ ಡಾಲರಿಗೂ ಹೆಚ್ಚು ದೋಚಿದರು. ಸಿಕ್ಕಿಬಿದ್ದ ಮುಖ್ಯ ಆರೋಪಿಗೆ ಆಗ 17 ವರ್ಷ. ಖಾತೆ ಅಸಲಿಯಾದರೂ ಸಂದೇಶ ನಕಲಿಯಾಗಿರಬಹುದು ಎಂದು ಅಂದು ಗೊತ್ತಾಯಿತು.

2022ರ ನವೆಂಬರ್‌ನಲ್ಲಿ ತಿಂಗಳಿಗೆ 8 ಡಾಲರ್ ಕೊಟ್ಟವರಿಗೆಲ್ಲ ನೀಲಿ ಟಿಕ್ ಸಿಗತೊಡಗಿತು. ಎಲಿ ಲಿಲ್ಲಿ ಎಂಬ ಔಷಧ ಕಂಪನಿಯ ಹೆಸರಲ್ಲಿ ಯಾರೋ ಟಿಕ್ ಕೊಂಡು, ಇನ್ಸುಲಿನ್ ಇನ್ನು ಉಚಿತ ಎಂದು ಬರೆದರು. ಸಕ್ಕರೆ ಕಾಯಿಲೆಯವರಿಗೆ ಅದು ಜೀವದ ಮಾತು. ಕಂಪನಿ ತಾನೇ ಮುಂದೆ ಬಂದು, ಅದು ನಮ್ಮ ಖಾತೆಯಲ್ಲ ಎಂದು ಹೇಳಬೇಕಾಯಿತು.

ಮುಖವೂ ದನಿಯೂ ನಕಲಿ

2025ರ ಅಕ್ಟೋಬರ್‌ನಲ್ಲಿ ಚಿಪ್ ತಯಾರಿಸುವ ಎನ್‌ವಿಡಿಯಾ ಕಂಪನಿಯ ಸಮಾವೇಶ ವಾಷಿಂಗ್ಟನ್‌ನಲ್ಲಿ ನಡೆಯಿತು. ಅದೇ ಹೊತ್ತಿಗೆ ಯೂಟ್ಯೂಬ್‌ನಲ್ಲಿ ಕಂಪನಿ ಮುಖ್ಯಸ್ಥ ಜೆನ್ಸನ್ ಹುವಾಂಗ್ ಅವರ ಡೀಪ್‌ಫೇಕ್ ಭಾಷಣ ಲೈವ್ ಓಡುತ್ತಿತ್ತು. ಕೋಡ್ ಸ್ಕ್ಯಾನ್ ಮಾಡಿ ಕ್ರಿಪ್ಟೊ ಹಣ ಕಳಿಸಿ ಎಂಬ ಬೇಡಿಕೆ ಅದರಲ್ಲಿತ್ತು. ಒಂದು ಹಂತದಲ್ಲಿ ಅಸಲಿ ಪ್ರಸಾರಕ್ಕಿಂತ ನಕಲಿಗೇ ಹೆಚ್ಚು ವೀಕ್ಷಕರಿದ್ದರು.

ಇದು ದೂರದ ಕಥೆಯಷ್ಟೇ ಅಲ್ಲ. ಇನ್ಫೊಸಿಸ್ ಸ್ಥಾಪಕ ನಾರಾಯಣ ಮೂರ್ತಿಯವರು ತಮ್ಮ ಮುಖ ಮತ್ತು ದನಿ ಬಳಸಿದ ಹೂಡಿಕೆಯ ಡೀಪ್‌ಫೇಕ್ ವಿಡಿಯೊಗಳ ಬಗ್ಗೆ 2023ರ ಡಿಸೆಂಬರ್‌ನಲ್ಲೇ ಜನರನ್ನು ಎಚ್ಚರಿಸಿದ್ದರು.

ವಾಟ್ಸ್ಆ್ಯಪ್ ಗುಂಪುಗಳಲ್ಲಿ ನಮ್ಮಲ್ಲಿ ಹಲವರು ನೋಡಿರುವ ಇನ್ನೊಂದು ಸಂದೇಶವಿದೆ. ಟಾಟಾ ಸಮೂಹಕ್ಕೆ 150 ವರ್ಷ, ಪ್ರಶ್ನೆಗೆ ಉತ್ತರಿಸಿ ನೆಕ್ಸಾನ್ ಕಾರು ಗೆಲ್ಲಿ ಎಂದು 2021ರಲ್ಲಿ ಹರಿದಾಡಿತು. ಇದು ನಮ್ಮದಲ್ಲ ಎಂದು ಟಾಟಾ ಸಮೂಹವೇ ಸ್ಪಷ್ಟಪಡಿಸಿತು. ಶಾಸನ ತಜ್ಞರ ಕಣ್ಣಿಗಾದರೆ ಅದು ಕೂಡಲೇ ಸಿಕ್ಕಿಬೀಳುತ್ತಿತ್ತು. ಟಾಟಾ ಶುರುವಾದದ್ದು 1868ರಲ್ಲಿ. 150 ವರ್ಷ ತುಂಬಿದ್ದು 2018ರಲ್ಲಿ. ತಿಥಿಯೇ ತಪ್ಪಿತ್ತು.

ನಾವು ತಾಳೆ ನೋಡುವುದು ಹೇಗೆ?

ಹೆಸರು, ಲೋಗೊ, ಟಿಕ್, ಮುಖ, ದನಿ, ಕೊನೆಗೆ ಅಸಲಿ ಖಾತೆ ಕೂಡ ಕಳ್ಳರ ಕೈ ಸೇರಿದ್ದನ್ನು ನೋಡಿದೆವು. ಹಾಗಾಗಿ ಮುದ್ರೆ ನೋಡಿ ನಂಬುವ ಕಾಲ ಮುಗಿದಿದೆ. ನಾವು ಮಾಡಬೇಕಾದ್ದು ಇಷ್ಟು:

1. ಬಂದ ಲಿಂಕ್ ಒತ್ತಬೇಡಿ. ಸಮಾವೇಶ ನಡೆಸುವವರ ವೆಬ್‌ಸೈಟ್ ವಿಳಾಸವನ್ನು ನೀವೇ ಟೈಪ್ ಮಾಡಿ ತೆರೆಯಿರಿ. ಬಹುಮಾನದ ಸುದ್ದಿ ಅಲ್ಲೂ ಇದೆಯೇ ನೋಡಿ.

2. ನಿಯಮ ಓದಿ. ಅಸಲಿ ಸ್ಪರ್ಧೆಯಾದರೆ ಯಾರು ಭಾಗವಹಿಸಬಹುದು, ಕೊನೆಯ ದಿನ ಯಾವುದು, ವಿಜೇತರ ಆಯ್ಕೆ ಹೇಗೆ ಎಂದು ಬರೆದಿರುತ್ತಾರೆ.

3. ಖಾತೆಯ ಹೆಸರಿನ ಅಕ್ಷರ ಬಿಡಿಬಿಡಿಯಾಗಿ ಓದಿ. ಖಾತೆ ಯಾವಾಗ ಶುರುವಾಯಿತು ನೋಡಿ.

4. ಕೃಷಿ ಮೇಳದಂಥ ಜಾಗದಲ್ಲಿದ್ದರೆ ಇನ್ನೂ ಸುಲಭ. ಮಾಹಿತಿ ಕೌಂಟರಿಗೆ ಹೋಗಿ ಪೋಸ್ಟ್ ತೋರಿಸಿ ಕೇಳಿ.

5. ಬಹುಮಾನ ಕೊಡುವ ಮೊದಲು ಹಣ, ಒಟಿಪಿ ಅಥವಾ ಯುಪಿಐ ಪಿನ್ ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ. ನಮಗೆ ಹಣ ಬರಬೇಕಾದರೆ ಪಿನ್ ಒತ್ತುವ ಅಗತ್ಯವೇ ಇಲ್ಲ.

ಹಣ ಹೋಗಿಯೇಬಿಟ್ಟಿದ್ದರೆ ನಾಚಿಕೊಂಡು ಸುಮ್ಮನಿರಬೇಡಿ. ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಇನ್ನೊಂದು ಮಾತು. ಇಂಥ ಸಂದೇಶಗಳು ಬಹುತೇಕ ನಮಗೆ ಬರುವುದು ಗುರುತಿನವರಿಂದಲೇ. ಕಳಿಸಿದ ಅಣ್ಣನೋ ಅಕ್ಕನೋ ಒಳ್ಳೆಯವರೇ ಇರುತ್ತಾರೆ, ಆದರೆ ಅವರೂ ತಾಳೆ ನೋಡಿರುವುದಿಲ್ಲ. ನೋಡದೆ ನಾವು ಮುಂದಕ್ಕೆ ಕಳಿಸಿದರೆ, ಕಳ್ಳನ ಪಟಕ್ಕೆ ನಮ್ಮ ಹೆಸರಿನ ಮುದ್ರೆ ನಾವೇ ಒತ್ತಿಕೊಟ್ಟಂತೆ.