ತಂದೆತಾಯಿಗಳ ತರುವಾಯ

ಬುದ್ಧಿಯ ಬೆಳವಣಿಗೆ ವಯಸ್ಸಿಗೆ ತಕ್ಕಂತೆ ಆಗದ ಮಗುವೊಂದು ಮನೆಯಲ್ಲಿ ಜನಿಸಿದಾಗ ತಂದೆತಾಯಿಗಳು ಮೊದಲು ಕೇಳುವ ಪ್ರಶ್ನೆ, ಇದು ವಾಸಿಯಾಗುವುದೇ ಎಂಬುದು. ವೈದ್ಯರು, ಹರಕೆ, ನಾಟಿ ಔಷಧಿ, ದೂರದ ಊರಿನ ಪ್ರಸಿದ್ಧ ಆಸ್ಪತ್ರೆ ಎಲ್ಲವೂ ಮುಗಿದು ಹತ್ತಾರು ವರ್ಷಗಳು ಉರುಳಿದ ಮೇಲೆ ಪ್ರಶ್ನೆ ಬದಲಾಗುತ್ತದೆ: ನಾವು ಹೋದ ಮೇಲೆ ಇವನಿಗೆ ಯಾರು? ಮೊದಲನೆಯದು ವೈದ್ಯಶಾಸ್ತ್ರಕ್ಕೆ ಕೇಳಿದ ಪ್ರಶ್ನೆ, ಎರಡನೆಯದು ಸಮಾಜಕ್ಕೆ. ಈ ಎರಡನೆಯ ಪ್ರಶ್ನೆಗೆ ನಮ್ಮ ನಾಡು ಕಾಲಕಾಲಕ್ಕೆ ಯಾವ ಉತ್ತರಗಳನ್ನು ಕೊಟ್ಟಿತೆಂಬುದು ಅಷ್ಟಾಗಿ ಯಾರೂ ಬರೆಯದ ಇತಿಹಾಸ. ರಾಜರ ಕಾಳಗಗಳಿಗೆ ಚರಿತ್ರಕಾರರಿದ್ದರು. ಇಂಥವರ ಅನ್ನವಸ್ತ್ರಗಳಿಗೆ ಇರಲಿಲ್ಲ.

ಲಿಂಗಸುಗೂರು ತಾಲ್ಲೂಕಿನ ಮುದಗಲ್ಲನ್ನೇ ನೋಡಬಹುದು. ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ ಇದರ ಕೋಟೆಗಾಗಿ ಎಷ್ಟು ಸಲ ಹೋರಾಡಿದರೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ನಿಜಾಮರ ಸಂಸ್ಥಾನಕ್ಕೆ ಸೇರಿದ್ದ ಈ ಊರು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದಿತು. ಇಂಥ ಹಳೆಯ ಊರುಗಳಲ್ಲಿ ಬುದ್ಧಿಮಾಂದ್ಯನಾದವನು ಬಾಗಿಲ ಹಿಂದೆ ಬಚ್ಚಿಟ್ಟ ವಸ್ತುವಾಗಿರಲಿಲ್ಲ. ಅವನು ಯಾರ ಮಗನೆಂಬುದು ಓಣಿಗೆಲ್ಲ ಗೊತ್ತಿರುತ್ತಿತ್ತು. ಹೊಲದಲ್ಲಿ ಎತ್ತು ಹೊಡೆಯಲು, ಬಾವಿಯಿಂದ ನೀರು ತರಲು, ಅಂಗಡಿಯ ಕಸ ಗುಡಿಸಲು ಅವನಿಗೊಂದು ಸ್ಥಾನವಿತ್ತು. ಮುದಗಲ್ಲಿನ ಮೊಹರಂ ಹಬ್ಬದಲ್ಲಿ ಎಲ್ಲ ಮತದವರೂ ಒಟ್ಟುಗೂಡುವಾಗ ಅವನನ್ನು ಬೇರೆ ನಿಲ್ಲಿಸುವವರಾರು? ಆದರೆ ಹಿಂದಿನದನ್ನು ಹೊಗಳುವ ಉತ್ಸಾಹದಲ್ಲಿ ಸತ್ಯವನ್ನು ಮರೆಯಲಾಗದು. ಹೆಣ್ಣುಮಗುವಾದರೆ ಮನೆಯ ಒಳಕೋಣೆಯೇ ಗತಿಯಾಗಿತ್ತು. ಕೀಟಲೆ ಮಾಡುವ ಹುಡುಗರೂ, ಕೆಲಸ ಮಾಡಿಸಿಕೊಂಡು ಕೂಲಿ ಕೊಡದ ಗೃಹಸ್ಥರೂ ಇದ್ದರು. ಊರು ಅನ್ನ ಕೊಟ್ಟಿತು, ಕಲಿಸಲಿಲ್ಲ. ಕೂಡುಕುಟುಂಬ ಒಡೆದು ಅಣ್ಣತಮ್ಮಂದಿರು ಬೆಂಗಳೂರು, ಪುಣೆಗಳಿಗೆ ದುಡಿಯಲು ಹೋದ ಮೇಲೆ ಆ ಅನ್ನಕ್ಕೂ ಆಧಾರ ತಪ್ಪಿತು.

ಸರ್ಕಾರದ ಉತ್ತರವಾದರೋ ಇದಕ್ಕಿಂತ ಕಠೋರವಾಗಿತ್ತು. ಬ್ರಿಟಿಷ್ ಭಾರತದಲ್ಲಿ 1858ರಲ್ಲಿ ಹುಚ್ಚಾಸ್ಪತ್ರೆಗಳ ಕಾಯ್ದೆ ಬಂದಿತು. 1912ರ ಉನ್ಮಾದ ಕಾಯ್ದೆಯು ಉನ್ಮತ್ತನೆಂದರೆ ಯಾರು ಎಂಬುದನ್ನು ವಿವರಿಸುವಾಗ ಹುಟ್ಟಿನಿಂದ ಬುದ್ಧಿ ಬೆಳೆಯದವನನ್ನೂ ಅದೇ ಮಾತಿನೊಳಗೆ ಸೇರಿಸಿಬಿಟ್ಟಿತು. ಮನೋರೋಗ ನಡುವೆ ಬರುವಂಥದು, ಔಷಧೋಪಚಾರದಿಂದ ಇಳಿಯಬಹುದು. ಬುದ್ಧಿಮಾಂದ್ಯವು ರೋಗವಲ್ಲ, ಬೆಳವಣಿಗೆಯ ಒಂದು ಸ್ಥಿತಿ. ಅದಕ್ಕೆ ಬೇಕಾದುದು ಔಷಧಿಗಿಂತ ಹೆಚ್ಚಾಗಿ ಶಿಕ್ಷಣ, ಅಭ್ಯಾಸ, ಜೊತೆ. ಈ ಭೇದ ತಿಳಿಯದ ಕಾನೂನು ಇಬ್ಬರನ್ನೂ ಒಂದೇ ಗೋಡೆಯೊಳಗೆ ಕಳುಹಿಸಲು ದಾರಿ ಮಾಡಿಕೊಟ್ಟಿತು. 1987ರ ಮಾನಸಿಕ ಆರೋಗ್ಯ ಕಾಯ್ದೆಯು ಬುದ್ಧಿಮಾಂದ್ಯವನ್ನು ಮನೋರೋಗದ ವ್ಯಾಖ್ಯೆಯಿಂದ ಹೊರಗಿಟ್ಟಿತು. ಅದು ಜಾರಿಗೆ ಬಂದದ್ದು 1993ರಲ್ಲಿ. ಒಂದು ಪದವನ್ನು ಸರಿಪಡಿಸಲು ಎಂಬತ್ತು ವರ್ಷಗಳು! ಹಾಗೆ ಹೊರಗಿಟ್ಟ ಮೇಲೆ ಅವರು ಎಲ್ಲಿ ಇರಬೇಕು, ಹಗಲಿನಲ್ಲಿ ಏನು ಮಾಡಬೇಕು ಎಂಬುದನ್ನು ಮಾತ್ರ ಆ ಕಾಯ್ದೆ ಹೇಳಲಿಲ್ಲ; ಹೇಳುವುದು ಅದರ ಕೆಲಸವೂ ಆಗಿರಲಿಲ್ಲ.

ಕಾನೂನು ಕಣ್ಣು ತೆರೆಯುವ ಮೊದಲೇ ತಂದೆತಾಯಿಗಳು ಎದ್ದಿದ್ದರು. 1944ರಲ್ಲಿ ಮುಂಬಯಿಯ ಪಾರ್ಸಿ ದಂಪತಿಗಳಾದ ಹೊರ್ಮಸ್‌ಜಿ ಮತ್ತು ಜಯ್ ವಕೀಲರು ತಮ್ಮ ಮಗಳಂಥ ಮಕ್ಕಳಿಗಾಗಿ ಮನೆಯಲ್ಲಿಯೇ ಶಾಲೆ ಆರಂಭಿಸಿದರು. ಬೆಂಗಳೂರಿನಲ್ಲಿಯೂ ಅನಂತರದ ದಶಕಗಳಲ್ಲಿ ವಿಶೇಷ ಶಾಲೆಗಳು ಹುಟ್ಟಿದವು. ಆದರೆ ಶಾಲೆಗೆ ಒಂದು ಮಿತಿ ಇದೆ. ಹದಿನೆಂಟು ವರ್ಷವಾದ ಮೇಲೆ ಶಾಲೆ ಮುಗಿಯುತ್ತದೆ, ಆಯುಷ್ಯ ಮುಗಿಯುವುದಿಲ್ಲ. ಈಗಿನ ಕಾಲದಲ್ಲಿ ಇಂಥವರೂ ಐವತ್ತು, ಅರವತ್ತು ವರ್ಷ ಬಾಳುತ್ತಾರೆ.

ವಯಸ್ಕರ ವಾಸದ ಪ್ರಶ್ನೆಗೆ ಕರ್ನಾಟಕದಲ್ಲಿ ದೊರೆತ ಗಮನಾರ್ಹ ಉತ್ತರ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಆಶಾ ನಿಕೇತನ. ಇದರ ಮೂಲ ಫ್ರಾನ್ಸಿನಲ್ಲಿದೆ. ನೌಕಾದಳದ ಉದ್ಯೋಗ ತ್ಯಜಿಸಿ ತತ್ತ್ವಶಾಸ್ತ್ರ ಓದಿದ್ದ ಕೆನಡಾದ ಜಾನ್ ವಾನಿಯೇ 1964ರಲ್ಲಿ ತ್ರೋಸ್ಲಿ ಎಂಬ ಹಳ್ಳಿಯಲ್ಲಿ ಒಂದು ಸಣ್ಣ ಮನೆ ಹಿಡಿದು, ದೊಡ್ಡ ಆಶ್ರಯಧಾಮದಲ್ಲಿದ್ದ ಬುದ್ಧಿಮಾಂದ್ಯರನ್ನು ಕರೆತಂದು ಅವರೊಡನೆ ವಾಸಿಸತೊಡಗಿದರು. ಆ ಮನೆಗೆ ಲಾರ್ಷ್, ಅಂದರೆ ನಾವೆ ಎಂದು ಹೆಸರಾಯಿತು. ಅದರ ಏಷ್ಯಾದ ಮೊದಲ ಶಾಖೆ 1970ರಲ್ಲಿ ಬೆಂಗಳೂರಿನಲ್ಲಿ ತೆರೆಯಿತು. ಅದನ್ನು ಕಟ್ಟಿದವರು ಗೇಬ್ರಿಯೆಲ್ ಐನ್ಸ್ಲೆ ಎಂಬ ಮಹಿಳೆ. ಮುಂದೆ ಕೋಲ್ಕತ್ತ, ಚೆನ್ನೈ ಮತ್ತು ಕೇರಳದ ಕೋಝಿಕ್ಕೋಡ್ ಸಮೀಪದಲ್ಲಿಯೂ ಅದೇ ಹೆಸರಿನ ಮನೆಗಳಾದವು.

ಈ ಪದ್ಧತಿಯ ವಿಶೇಷ ಅದರ ಅಳತೆಯಲ್ಲಿದೆ. ನೂರು ಹಾಸಿಗೆಗಳ ಹಜಾರವಲ್ಲ, ಒಂದು ಸಂಸಾರದಷ್ಟು ಜನ. ನೋಡಿಕೊಳ್ಳುವವರು ಪಾಳಿ ಮುಗಿಸಿ ಹೋಗುವ ನೌಕರರಲ್ಲ, ಅದೇ ಮನೆಯಲ್ಲಿ ಮಲಗಿ ಅದೇ ಪಂಕ್ತಿಯಲ್ಲಿ ಉಣ್ಣುವವರು. ಬೆಳಿಗ್ಗೆ ಕೆಲಸದ ಶಾಲೆ, ಸಂಜೆ ಮನೆ. ಇದು ಸಣ್ಣ ವಿಷಯದಂತೆ ತೋರಬಹುದು. ಆದರೆ ಕೆಲಸಕ್ಕೊಂದು ಜಾಗ, ಮನೆಗೊಂದು ಜಾಗ ಎಂಬ ವ್ಯತ್ಯಾಸ ಎಲ್ಲ ಗೃಹಸ್ಥರ ಬಾಳಿನಲ್ಲಿಯೂ ಇರುವಂಥದು. ಆಶ್ರಯಧಾಮದಲ್ಲಿ ಮಾತ್ರ ಇಲ್ಲದ್ದು. ಅಲ್ಲಿ ಎದ್ದ ಹಾಸಿಗೆಯ ಮೇಲೆಯೇ ಹಗಲೂ ಕಳೆಯುತ್ತದೆ. ಕ್ರೈಸ್ತ ಮೂಲದ ಸಂಸ್ಥೆಯಾದರೂ ಭಾರತದ ಮನೆಗಳಲ್ಲಿ ಹಿಂದೂ, ಮುಸಲ್ಮಾನ, ಕ್ರೈಸ್ತರು ಕೂಡಿ ಬಾಳಿದರು.

ಇಷ್ಟು ಹೇಳಿ ನಿಲ್ಲಿಸಿದರೆ ಓದುಗರಿಗೆ ಅನ್ಯಾಯವಾದೀತು. ವಾನಿಯೇ 2019ರ ಮೇ ತಿಂಗಳಲ್ಲಿ ನಿಧನರಾದರು. ಲೋಕವೆಲ್ಲ ಅವರನ್ನು ಸಂತರೆಂದೇ ಬಗೆದಿತ್ತು. ಮರುವರ್ಷದ ಫೆಬ್ರವರಿಯಲ್ಲಿ ಲಾರ್ಷ್ ಸಂಸ್ಥೆಯೇ ವಿಚಾರಣೆ ನಡೆಸಿ, ಅವರು ಆಧ್ಯಾತ್ಮಿಕ ಮಾರ್ಗದರ್ಶನದ ನೆಪದಲ್ಲಿ ಕನಿಷ್ಠ ಆರು ಮಂದಿ ಮಹಿಳೆಯರನ್ನು ಲೈಂಗಿಕವಾಗಿ ದುರುಪಯೋಗಪಡಿಸಿಕೊಂಡಿದ್ದರೆಂದು ಪ್ರಕಟಿಸಿತು. 2023ರ ವಿಸ್ತೃತ ವರದಿಯಲ್ಲಿ ಆ ಸಂಖ್ಯೆ ಕನಿಷ್ಠ ಇಪ್ಪತ್ತೈದಕ್ಕೆ ಏರಿತು. ಅವರಲ್ಲಿ ಬುದ್ಧಿಮಾಂದ್ಯರು ಯಾರೂ ಕಂಡುಬರಲಿಲ್ಲವೆಂದು ವರದಿ ಹೇಳಿದೆ. ಆದರೆ ಅಷ್ಟರಿಂದ ಅಪರಾಧ ಹಗುರವಾಗುವುದಿಲ್ಲ. ಸ್ಥಾಪಕರ ದೋಷ ಬಯಲಾದ ಮೇಲೂ ಆ ಮನೆಗಳು ಮುಚ್ಚಲಿಲ್ಲ, ಮುಚ್ಚಬೇಕಾಗಿಯೂ ಇರಲಿಲ್ಲ. ಮನೆ ನಡೆದದ್ದು ಅಡುಗೆ ಮಾಡಿದವರಿಂದ, ಸ್ನಾನ ಮಾಡಿಸಿದವರಿಂದ. ಹಿರಿಯರೊಬ್ಬರ ಪುಣ್ಯದ ಹೆಸರಿಗೆ ಶರಣಾಗಿ ಲೆಕ್ಕ ಕೇಳುವುದನ್ನು ಬಿಡುವ ರೂಢಿ ನಮ್ಮ ಎಲ್ಲ ಸಮಾಜಗಳಲ್ಲಿಯೂ ಇದೆ. ತನ್ನ ಸ್ಥಾಪಕರ ವಿಷಯದಲ್ಲಿ ತಾನೇ ವಿಚಾರಣೆ ನಡೆಸಿ ಫಲಿತಾಂಶವನ್ನು ಅಚ್ಚು ಹಾಕಿಸಿದ ಸಂಸ್ಥೆಗಳು ಎಷ್ಟಿವೆ?

ಬಾಗಿಲು ಮುಚ್ಚಿದ ಕಡೆ ಏನು ನಡೆಯಬಹುದೆಂಬುದಕ್ಕೆ ದೂರದ ನಿದರ್ಶನಗಳಿವೆ. ನ್ಯೂಯಾರ್ಕಿನ ವಿಲ್ಲೋಬ್ರೂಕ್ ಶಾಲೆ ನಾಲ್ಕು ಸಾವಿರ ಜನರಿಗೆಂದು ಕಟ್ಟಿದ್ದು. ಆರು ಸಾವಿರಕ್ಕೂ ಮಿಕ್ಕಿ ಜನರನ್ನು ತುಂಬಿಸಲಾಗಿತ್ತು. 1972ರಲ್ಲಿ ಅಲ್ಲಿನ ನರಕವನ್ನು ದೂರದರ್ಶನದಲ್ಲಿ ಕಂಡು ಅಮೆರಿಕ ಬೆಚ್ಚಿತು. 1987ರಲ್ಲಿ ಅದು ಮುಚ್ಚಿತು. ನಮ್ಮ ಹತ್ತಿರವೇ, 1994ರಲ್ಲಿ ಪುಣೆ ಜಿಲ್ಲೆಯ ಶಿರೂರಿನ ಸರ್ಕಾರಿ ಆಶ್ರಯಧಾಮದ ಬುದ್ಧಿಮಾಂದ್ಯ ಹೆಣ್ಣುಮಕ್ಕಳಿಗೆ ಗರ್ಭಕೋಶವನ್ನೇ ತೆಗೆಯುವ ಶಸ್ತ್ರಕ್ರಿಯೆ ಮಾಡಿಸಲಾಯಿತು. ಮುಟ್ಟಿನ ಸಮಯದ ಶುಚಿತ್ವ ನೋಡಿಕೊಳ್ಳುವುದು ಕಷ್ಟವೆಂಬುದು ಕೊಟ್ಟ ಕಾರಣ. ನೋಡಿಕೊಳ್ಳುವವರ ಶ್ರಮ ಉಳಿಸಲು ನೋಡಿಕೊಳ್ಳಲ್ಪಡುವವರ ದೇಹವನ್ನು ಕತ್ತರಿಸುವುದು ಯಾವ ನ್ಯಾಯ? ಚಂಡೀಗಢದ ಸರ್ಕಾರಿ ಧಾಮದಲ್ಲಿದ್ದ ಒಬ್ಬ ಯುವತಿ ಅಲ್ಲಿಯೇ ಅತ್ಯಾಚಾರಕ್ಕೆ ಈಡಾಗಿ ಗರ್ಭಿಣಿಯಾದಳು. ಆಕೆಯ ಒಪ್ಪಿಗೆಯಿಲ್ಲದೆ ಗರ್ಭಪಾತ ಮಾಡಿಸುವಂತಿಲ್ಲವೆಂದು 2009ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಆ ತೀರ್ಪು ನಿಂತದ್ದು ಮನೋರೋಗ ಬೇರೆ, ಬುದ್ಧಿಮಾಂದ್ಯ ಬೇರೆ ಎಂಬ, ಮೇಲೆ ಹೇಳಿದ ಭೇದದ ಮೇಲೆಯೇ.

ಪಾಶ್ಚಾತ್ಯರು ಮೊದಲು ದೊಡ್ಡ ಧಾಮಗಳನ್ನು ಕಟ್ಟಿ, ಅನಂತರ ಅವನ್ನು ಖಾಲಿ ಮಾಡಿ ಜನರನ್ನು ಊರಿಗೆ ಮರಳಿ ತಂದರು. ಮುದಗಲ್ಲಿನಂಥ ಊರಿನಲ್ಲಿ ಖಾಲಿ ಮಾಡಲು ಧಾಮವೇ ಇಲ್ಲ. ಇಲ್ಲಿಯವನು ಊರಿನಲ್ಲಿಯೇ ಇದ್ದಾನೆ. ಅವನಿರುವಲ್ಲಿಗೆ ಸೇವೆ ಬರಬೇಕು. ಈ ವಿಚಾರ ಕರ್ನಾಟಕಕ್ಕೆ ಹೊಸತಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1970ರ ದಶಕದಲ್ಲಿ ಸಕಲವಾರದ ಗ್ರಾಮಗಳಲ್ಲಿಯೂ, 1980ರ ದಶಕದ ಮಧ್ಯದಲ್ಲಿ ತುಂಗಭದ್ರೆಯ ಆಚೆಗಿನ ಬಳ್ಳಾರಿ ಜಿಲ್ಲೆಯಲ್ಲಿಯೂ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮಾನಸಿಕ ಆರೋಗ್ಯವನ್ನು ಹಳ್ಳಿಗೆ ಒಯ್ಯಿತು. ಗುರುತಿಸಬೇಕಾದ ಸ್ಥಿತಿಗಳಲ್ಲಿ ಬುದ್ಧಿಮಾಂದ್ಯವೂ ಒಂದಾಗಿತ್ತು. ಕನ್ನಡಿಗರಿಗೆ ಪರಿಚಿತರಾದ ಡಾ. ಸಿ. ಆರ್. ಚಂದ್ರಶೇಖರ್ ಈ ಸಮುದಾಯ ವಿಭಾಗದಲ್ಲಿಯೇ ದುಡಿದವರು. ಬಳ್ಳಾರಿಯ ಅನುಭವವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 1984ರಲ್ಲಿ ಸಿಕಂದರಾಬಾದಿನಲ್ಲಿ ಆರಂಭವಾದ ರಾಷ್ಟ್ರೀಯ ಬುದ್ಧಿಮಾಂದ್ಯರ ಸಂಸ್ಥೆ ತಾಯಂದಿರಿಗೆ ಮನೆಯಲ್ಲಿಯೇ ಕಲಿಸುವ ಕ್ರಮವನ್ನು ಬೋಧಿಸಿತು. ಇಂದು ಗ್ರಾಮ ಪಂಚಾಯಿತಿಗೊಬ್ಬರಂತೆ ನೇಮಕವಾಗುವ ಪುನರ್ವಸತಿ ಕಾರ್ಯಕರ್ತರು, ತಾವೂ ಅಂಗವಿಕಲರೇ ಆಗಿದ್ದು, ಅಲ್ಪ ಗೌರವಧನಕ್ಕೆ ಮನೆಮನೆ ತಿರುಗುತ್ತಾರೆ. ಆದರೆ ಗುರುತಿನ ಚೀಟಿ ಮತ್ತು ಮಾಸಾಶನಗಳ ಓಡಾಟದಲ್ಲಿಯೇ ಅವರ ಬಹಳಷ್ಟು ಸಮಯ ಸವೆಯುತ್ತದೆ.

ಊರಿಗೆ ಬೇಕಾದುದು ಮೊದಲಿಗೆ ಒಂದು ಹಗಲು ಕೇಂದ್ರ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಹತ್ತು ಹನ್ನೆರಡು ಮಂದಿ ಬಂದು ಕುಳಿತು ಕಾಗದದ ಚೀಲ ಮಾಡುವ, ಕಾಳು ಆರಿಸುವ, ಹಣ ಎಣಿಸುವುದನ್ನು ಕಲಿಯುವ ಎರಡು ಕೋಣೆ. ಆ ಆರು ಗಂಟೆಗಳಲ್ಲಿ ತಾಯಿ ಕೂಲಿಗೆ ಹೋಗಿ ಬರಬಹುದು, ಇದೂ ಸೇವೆಯೇ. ಅದರ ಬಳಿಕ, ತಂದೆತಾಯಿಗಳಿಗೆ ವಯಸ್ಸಾದಂತೆ, ಅದೇ ಓಣಿಯಲ್ಲಿ ಐದಾರು ಜನರ ಒಂದು ಮನೆ. ಹಗಲು ಕೇಂದ್ರದ ಪರಿಚಯವಿಲ್ಲದೆ ಒಮ್ಮೆಲೇ ಮನೆ ತೆರೆದರೆ ಅದೂ ಅನಾಥಾಶ್ರಮವಾಗುತ್ತದೆ. ನಲವತ್ತು ವರ್ಷ ತಾಯಿಯ ಕೈಯಲ್ಲೇ ಉಂಡವನನ್ನು ಆಕೆ ತೀರಿದ ಮೂರನೆಯ ದಿನ ಅಪರಿಚಿತರ ನಡುವೆ ಬಿಟ್ಟರೆ ಅವನ ಪಾಲಿಗೆ ಎರಡು ಸಾವು.

ಇಲ್ಲಿ ದಾನಿಗಳ ಕುರಿತು ಒಂದು ಮಾತು ಅಗತ್ಯ. ಕಟ್ಟಡಕ್ಕೆ ದಾನಿ ಬೇಗ ಸಿಗುತ್ತಾನೆ. ಕಲ್ಲಿನಲ್ಲಿ ಹೆಸರು ಕೆತ್ತಬಹುದು. ಅಡುಗೆಯವಳ ಸಂಬಳಕ್ಕೆ ಸಿಗುವುದಿಲ್ಲ. ತಿಂದ ಅನ್ನದ ಮೇಲೆ ಹೆಸರು ಕೆತ್ತಲಾಗದು. ಲೆಕ್ಕ ಬಲ್ಲವರಿಗೆ ಇದು ಬಂಡವಾಳ ವೆಚ್ಚ ಮತ್ತು ಆವರ್ತಕ ವೆಚ್ಚಗಳ ಭೇದ. ಇಂಥ ಸೇವೆಯಲ್ಲಿ ಖರ್ಚಿನ ಬಹುಪಾಲು ಮನುಷ್ಯರ ಸಂಬಳವೇ, ಅದೂ ಪ್ರತಿ ತಿಂಗಳು, ಇಪ್ಪತ್ತು ಮೂವತ್ತು ವರ್ಷ. ಬಾಡಿಗೆಯ ಎರಡು ಕೋಣೆ ಹಿಡಿದು, ಕಟ್ಟಡದ ಹಣವನ್ನು ಠೇವಣಿಯಿಟ್ಟು, ಬಡ್ಡಿಯಿಂದ ಇಬ್ಬರು ಶಿಕ್ಷಕಿಯರನ್ನು ನೇಮಿಸಿಕೊಳ್ಳುವುದು ಬುದ್ಧಿವಂತಿಕೆ. ನಮ್ಮ ಶಾಸನಗಳು ಕೊಂಡಾಡುವ ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳೂ ಒಮ್ಮೆ ಕೊಟ್ಟು ಮುಗಿಸುವಂಥವಲ್ಲ. (ಆವಾಸವನ್ನೂ ಎಣಿಸಿದ ಆಚಾರ್ಯರಿದ್ದಾರೆ, ಆದರೆ ಅದನ್ನೊಂದನ್ನೇ ಎಣಿಸಿದವರಿಲ್ಲ.)

1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಆಟಿಸಂ, ಮೆದುಳಿನ ಪಾರ್ಶ್ವವಾಯು, ಬುದ್ಧಿಮಾಂದ್ಯ ಮತ್ತು ಬಹುವಿಧ ವಿಕಲತೆ ಉಳ್ಳವರಿಗಾಗಿ ಬಂದಿತು. ಇವರು ತಮ್ಮ ಸಮುದಾಯದೊಳಗೆ, ಸಾಧ್ಯವಾದಷ್ಟೂ ಅದರ ಸಮೀಪದಲ್ಲಿಯೇ ಬಾಳುವಂತಾಗಬೇಕೆಂಬುದು ಅದರ ಘೋಷಿತ ಉದ್ದೇಶಗಳಲ್ಲಿ ಮೊದಲನೆಯದು. ಅದರಂತೆ ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರುತ್ತದೆ: ಜಿಲ್ಲಾಧಿಕಾರಿ ದರ್ಜೆಯ ಅಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬ ಪ್ರತಿನಿಧಿ, ಒಬ್ಬ ವಿಕಲಚೇತನ ವ್ಯಕ್ತಿ. ಮಗನಿಗೆ ಹದಿನೆಂಟು ತುಂಬಿದ ಮೇಲೆ ಅವನಿಗೆ ಪೋಷಕರನ್ನು ನೇಮಿಸುವ ಅಧಿಕಾರ ಈ ಸಮಿತಿಯದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪೋಷಕತ್ವವನ್ನು ಸೀಮಿತವಾಗಿಸಿ, ಅವನ ಇಚ್ಛೆಯನ್ನೂ ಕೇಳಬೇಕೆಂದು ಹೇಳಿದೆ. 1999ರ ಕಾಯ್ದೆಯಲ್ಲಿ ವ್ಯಾಪಾರಸ್ಥರು ಮೆಚ್ಚುವ ಒಂದು ಕಲಮು ಇದೆ. ನೇಮಕವಾದ ಪೋಷಕನು ಆರು ತಿಂಗಳೊಳಗೆ ಆ ವ್ಯಕ್ತಿಯ ಸ್ಥಿರಚರ ಆಸ್ತಿ, ಸಾಲ, ಬರತಕ್ಕ ಬಾಕಿಗಳ ಪಟ್ಟಿಯನ್ನು ಕೊಡಬೇಕು. ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳೊಳಗೆ ಜಮಾಖರ್ಚು ಒಪ್ಪಿಸಬೇಕು. ಹಿಂಸಿಸಿದರೆ, ಕಡೆಗಣಿಸಿದರೆ, ಹಣ ನುಂಗಿದರೆ ತೆಗೆದುಹಾಕಬಹುದು.

ಮುದಗಲ್ಲಿನಿಂದ ರಾಯಚೂರಿಗೆ ನೂರು ಕಿಲೋಮೀಟರಿನಷ್ಟು ದಾರಿ. ಅರ್ಜಿಯನ್ನು ತಂದೆ ಅಥವಾ ತಾಯಿ ಬದುಕಿರುವಾಗಲೇ, ತಮಗೆ ನಂಬಿಕೆಯಿರುವವರ ಹೆಸರನ್ನು ಸೂಚಿಸಿ, ಸಲ್ಲಿಸಬಹುದು.