ವಲಸೆ ಮಕ್ಕಳು ಮತ್ತು ಇಂಗ್ಲಿಷ್ ಕಲಿಕೆ: ಒಂದು ಹಿನ್ನೋಟ

ವಲಸೆ ನಮ್ಮ ಚಿಕ್ಕಬಳ್ಳಾಪುರ ಸೀಮೆಗೆ ಹೊಸದೇನಲ್ಲ. ಮುದ್ದೇನಹಳ್ಳಿಯಲ್ಲಿ ಜನಿಸಿದ ಸರ್ ಎಂ. ವಿಶ್ವೇಶ್ವರಯ್ಯನವರ ಪೂರ್ವಿಕರು ಆಂಧ್ರದ ಮೋಕ್ಷಗುಂಡಂನಿಂದ ಬಂದವರು. ಅವರ ಮನೆಮಾತು ತೆಲುಗು, ನಾಡಭಾಷೆ ಕನ್ನಡ. ಇಂಗ್ಲಿಷ್ ವಿದ್ಯೆಗಾಗಿ ಅವರು ಬೆಂಗಳೂರು ಸೇರಿ, ಮನೆಪಾಠ ಹೇಳಿಕೊಂಡು ಓದಿ, 1881ರಲ್ಲಿ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದರು. ಹಳ್ಳಿಯ ಬಡ ಮಗುವಿಗೆ ಆಗ ಇಂಗ್ಲಿಷ್ ಎಷ್ಟು ದೂರವಿತ್ತೆಂಬುದಕ್ಕೆ ಇದೇ ಸಾಕ್ಷಿ.

ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲೇ ಇಂಗ್ಲಿಷ್ ಶಾಲೆ ತೆರೆದಿದ್ದರು. ಆದರೆ ಅದರ ಫಲ ಹಳ್ಳಿ ತಲುಪಲು ಬಹಳ ಕಾಲ ಬೇಕಾಯಿತು. ಇಂಗ್ಲಿಷ್ ಶಿಕ್ಷಕರ ತರಬೇತಿಗೆಂದು ಬೆಂಗಳೂರಿನಲ್ಲಿ 1963ರಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಆರಂಭವಾಯಿತು. ಆದರೂ ಸರ್ಕಾರಿ ಶಾಲೆಯ ಮಗು ಐದನೇ ತರಗತಿಯಲ್ಲಷ್ಟೇ ಎ, ಬಿ, ಸಿ ಕಾಣುತ್ತಿತ್ತು. 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು. ನಮ್ಮ ಜಿಲ್ಲೆ ಕೋಲಾರದಿಂದ ಬೇರ್ಪಟ್ಟದ್ದೂ 2007ರಲ್ಲೇ.

ಕಲ್ಲು ಕ್ವಾರಿ, ಇಟ್ಟಿಗೆ ಗೂಡು, ಕಟ್ಟಡ ಕೆಲಸ, ರೇಷ್ಮೆ ನೂಲು ಬಿಚ್ಚಾಣಿಕೆಯನ್ನು ನಂಬಿ ಊರು ಬಿಡುವ ಕುಟುಂಬಗಳ ಮಕ್ಕಳಿಗೆ ಮಾತ್ರ ಶಾಲೆಯ ಬಾಗಿಲು ಸುಲಭವಾಗಿ ತೆರೆಯಲಿಲ್ಲ. ವರ್ಷದ ನಡುವೆ ಬಂದವರಿಗೆ ಟಿ.ಸಿ. ಇರುತ್ತಿರಲಿಲ್ಲ, ಪಾಠಗಳು ತಪ್ಪಿಹೋಗಿರುತ್ತಿದ್ದವು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಈ ಅಡ್ಡಿ ತೆಗೆಯಿತು. ಟಿ.ಸಿ. ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕು.

ಕಾನೂನು ಬಾಗಿಲು ತೆರೆಯಬಲ್ಲದು, ಬಾಯಿ ತೆರೆಸುವುದು ಶಿಕ್ಷಕರ ಕೆಲಸ. ಮನೆಯಲ್ಲಿ ಉರ್ದು, ಹಿಂದಿ ಅಥವಾ ತೆಲುಗು ಆಡುವ ಮಗುವಿಗೆ ನಮ್ಮ ಮಂಡಿಕಲ್‌ನಂಥ ಊರಿನಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಒಮ್ಮೆಲೇ ಎದುರಾಗುತ್ತವೆ. ಅದರ ಮೌನವನ್ನು ದಡ್ಡತನವೆಂದು ಎಣಿಸಿದರೆ ಒಂದು ಬಾಳೇ ಹಾಳಾದೀತು.

ಮಗು ಬರಿಗೈಯಲ್ಲಿ ಬಂದಿರುವುದಿಲ್ಲ. ಇಂಗ್ಲಿಷಿನ ಲ್ಯಾಂಟರ್ನ್ ಉರ್ದುವಿನಲ್ಲಿ ಲಾಲ್‌ಟೇನ್, ಕನ್ನಡದಲ್ಲಿ ಲಾಟೀನು. ಬಾಟಲ್ ಅಲ್ಲಿ ಬೋತಲ್, ಇಲ್ಲಿ ಬಾಟಲಿ. ಇಂಥ ಪದಗಳಿಂದ ಆರಂಭಿಸಿದರೆ ಮಗುವಿನ ಭಯ ಅರ್ಧ ಇಳಿಯುತ್ತದೆ. 'ಇಸ್ಕೂಲ್' ಎಂದಾಗ ನಗಬಾರದು. ಪದದ ಮೊದಲಲ್ಲೇ ಒತ್ತಕ್ಷರ ಬಂದರೆ ಅದರ ನಾಲಗೆಗೆ ಒಂದು ಸ್ವರದ ಆಸರೆ ಬೇಕು, ಅಷ್ಟೇ. ಬಲದಿಂದ ಎಡಕ್ಕೆ ಉರ್ದು ಬರೆದ ಕೈ ಎಡದಿಂದ ಬಲಕ್ಕೆ ತಿರುಗಲು ಕೆಲವು ದಿನ ಹಿಡಿಯುತ್ತದೆ. ಮೊದಲು ಕೇಳಿಸಿ, ಬಳಿಕ ಮಾತಾಡಿಸಿ, ಆಮೇಲೆ ಓದು-ಬರಹ ಕಲಿಸುವುದೇ ಸರಿಯಾದ ಕ್ರಮ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಮಕ್ಕಳ ಬಹುಭಾಷೆಯನ್ನು ತರಗತಿಯ ಸಂಪತ್ತೆಂದೇ ಪರಿಗಣಿಸಿದೆ.

ವಿಶ್ವೇಶ್ವರಯ್ಯನವರು ಇಂಗ್ಲಿಷನ್ನು ಹುಡುಕಿಕೊಂಡು ಬೆಂಗಳೂರಿಗೆ ಹೋದರು. ಇಂದು ಅದು ನಮ್ಮ ಹಳ್ಳಿಯ ಒಂದನೇ ತರಗತಿಗೇ ಬಂದಿದೆ. ಕೆಲಸ ಮುಗಿದೊಡನೆ ಹೊರಡುವ ಕುಟುಂಬದ ಮಗು ನಮ್ಮಲ್ಲಿರುವುದು ಕೆಲವೇ ತಿಂಗಳು. ಅಷ್ಟರಲ್ಲಿ ನಾಲ್ಕು ವಾಕ್ಯಗಳನ್ನಾದರೂ ಧೈರ್ಯವಾಗಿ ಆಡಲು ಕಲಿತರೆ, ಮುಂದಿನ ಊರಿನ ಶಾಲೆಗೆ ಅದು ತಲೆಯೆತ್ತಿ ಹೋಗುತ್ತದೆ.